ಮಣ್ಣುದಾರಿಯ ಬೈಕಿಗೆ ರಹದಾರಿ

ಯಾದಗಿರಿಯಲ್ಲಿ ಭೀಮೆಯ ಸೇತುವೆಯನ್ನು ದಾಟಿ ಶಹಾಪುರವನ್ನು ಸಮೀಪಿಸುವ ಪ್ರಯಾಣಿಕನನ್ನು, ಬುದ್ಧನು ಮಲಗಿರುವಂತೆ ತೋರುವ ಪ್ರಸಿದ್ಧ ಗುಡ್ಡವು ಎದುರುಗೊಳ್ಳುತ್ತದೆ. ಮುಂದೆ ಸುರಪುರ, ರಾಜಾ ವೆಂಕಟಪ್ಪ ನಾಯಕನ ನಾಡು, ಬೆಟ್ಟದ ಮೇಲೆ ಮೆಡೋಸ್ ಟೇಲರನ ಬಂಗಲೆ. ಡಾಂಬರು ರಸ್ತೆಯಿಂದ ಒಂದು ಹೊರಳು ಹೊರಳಿದರೆ ಸಾಕು, ಎರೆಮಣ್ಣಿನ ಬಂಡಿದಾರಿ, ಕಾಲುವೆಯ ಏರಿ, ಕಲ್ಲುಗುಡ್ಡದ ಕಾಲುಹಾದಿ. ಇಂತಹ ಸೀಮೆಯ ತರುಣನು ಡರ್ಟ್ ಬೈಕಿಗೆ ಮನಸೋತರೆ ಅಚ್ಚರಿಯೇನು?

ಹಗುರವಾದ ಮೈ, ಎತ್ತರದ ಆಸನ, ನೆಲವನ್ನು ಕಚ್ಚಿ ಹಿಡಿಯುವ ಗುಬುಟು ಟೈರು, ಹಳ್ಳ ದಿಣ್ಣೆಗಳನ್ನು ನುಂಗಿಕೊಳ್ಳುವ ಉದ್ದನೆಯ ಸಸ್ಪೆನ್ಷನ್: ಈ ಬೈಕಿನ ಲಕ್ಷಣವೇ ಇದು. ಆದರೆ ಸ್ಪರ್ಧೆಗೆಂದೇ ತಯಾರಾದ ಬೈಕಿಗೆ ಸಾಮಾನ್ಯವಾಗಿ ದೀಪವಿಲ್ಲ, ಕನ್ನಡಿಯಿಲ್ಲ, ನಂಬರ್ ಪ್ಲೇಟಿಗೆ ಜಾಗವೂ ಇಲ್ಲ. ‘ಅವನ್ನೆಲ್ಲ ಮೆಕ್ಯಾನಿಕನ ಕೈಯಲ್ಲಿ ಹಾಕಿಸಿ, ಪಾಸಿಂಗ್ ಮಾಡಿಸಿಬಿಟ್ಟರೆ ಆಗದೆ?’ ಎಂಬುದು ತರುಣರ ಪ್ರಶ್ನೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಮಾಲಿಕನೇ ದೀಪ ಕನ್ನಡಿಗಳನ್ನು ಅಳವಡಿಸಿ ರಸ್ತೆಯ ಪರವಾನಿಗೆ ಪಡೆಯುವ ಪದ್ಧತಿಯುಂಟು. ಅಲ್ಲಿನ ಚಿತ್ರಗಳನ್ನು ಮೊಬೈಲಿನಲ್ಲಿ ಕಂಡವರಿಗೆ ಈ ಆಸೆ ಹುಟ್ಟುವುದು ಸಹಜ.

ನಮ್ಮ ದೇಶದ ಕಾನೂನಿನ ರೀತಿ ಬೇರೆ. ಅದು ಮೊದಲು ಕೇಳುವುದು ವಾಹನದ ಅಲಂಕಾರವನ್ನಲ್ಲ, ಹುಟ್ಟನ್ನು. 1988ರ ಮೋಟಾರು ವಾಹನ ಕಾಯಿದೆಯ 39ನೆಯ ಕಲಮಿನ ಪ್ರಕಾರ, ನೋಂದಣಿಯಿಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ. 1989ರ ಕೇಂದ್ರ ನಿಯಮಗಳಂತೆ ನೋಂದಣಿಯ ಅರ್ಜಿ ನಮೂನೆ 20. ಅದರೊಡನೆ ಮಾರಾಟದ ಪ್ರಮಾಣಪತ್ರ, ನಮೂನೆ 21. ವಾಹನವು ರಸ್ತೆಗೆ ಯೋಗ್ಯವೆಂದು ತಯಾರಕನು ಕೊಡುವ ಪತ್ರ, ನಮೂನೆ 22. ಈ ಕೊನೆಯ ಪತ್ರದ ಹಿಂದೆ ದೊಡ್ಡ ಪರೀಕ್ಷೆಯೊಂದಿದೆ. ತಯಾರಕನು ತನ್ನ ಮೂಲಮಾದರಿಯನ್ನು ಪುಣೆಯ ಎ.ಆರ್.ಎ.ಐ.ನಂತಹ ಸಂಸ್ಥೆಗೆ ಒಪ್ಪಿಸಿ, ಬ್ರೇಕು, ದೀಪ, ಸದ್ದು, ಹೊಗೆ ಎಲ್ಲದರಲ್ಲಿಯೂ ತೇರ್ಗಡೆ ಪಡೆಯಬೇಕು. ಕವಾಸಾಕಿಯ ಕೆಎಕ್ಸ್ ಶ್ರೇಣಿಯಂತಹ ಬೈಕುಗಳು ಸ್ಪರ್ಧಾಂಗಣಕ್ಕಾಗಿಯೇ ಮಾರಾಟವಾಗುವಂಥವು. ಅವುಗಳಿಗೆ ಈ ಜಾತಕವಿಲ್ಲ. ಗ್ಯಾರೇಜಿನಲ್ಲಿ ತೊಡಿಸಿದ ದೀಪ ಅದನ್ನು ಬರೆದುಕೊಡಲಾರದು.

ಇದಕ್ಕೆ ವಿರುದ್ಧ ದಿಕ್ಕಿನ ಸಾಹಸವೂ ಉಂಟು. ರಸ್ತೆಗೆಂದೇ ಹುಟ್ಟಿ ನೋಂದಣಿಯಾದ ಬೈಕಿನ ದೀಪ, ಮಡ್‌ಗಾರ್ಡ್, ಸೈಲೆನ್ಸರುಗಳನ್ನು ಕಿತ್ತು ಅದನ್ನೇ ಡರ್ಟ್ ಬೈಕು ಮಾಡುವುದು. ಕಾಯಿದೆಯ 52ನೆಯ ಕಲಮು ಇದಕ್ಕೆ ಅಡ್ಡ ನಿಲ್ಲುತ್ತದೆ: ತಯಾರಕನು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಆದರೂ ಇಂತಹ ಬೈಕಿಗೆ ಮರಳುವ ದಾರಿಯಿದೆ. ಚಾಸಿಯ ಸಂಖ್ಯೆ ಮತ್ತು ಎಂಜಿನಿನ ಸಂಖ್ಯೆ ಪುಸ್ತಕದೊಡನೆ ತಾಳೆಯಾಗುತ್ತಿದ್ದರೆ, ಕಿತ್ತ ಭಾಗಗಳನ್ನು ಮೊದಲಿನಂತೆಯೇ ಕೂಡಿಸಿ, ವಿಮೆಯನ್ನೂ ಹೊಗೆ ತಪಾಸಣೆಯನ್ನೂ ನವೀಕರಿಸಿದರೆ ಅದು ಮತ್ತೆ ರಸ್ತೆಯ ಮರ್ಯಾದೆ ಪಡೆಯುತ್ತದೆ. ಎಂಜಿನನ್ನೇ ಬದಲಿಸಬೇಕಾದರೆ ಮಾತ್ರ ಸಾರಿಗೆ ಕಚೇರಿಯ ಒಪ್ಪಿಗೆ ಅವಶ್ಯ.

‘ಹೆದ್ದಾರಿಗೆ ಹೋಗದೆ ಹಳ್ಳಿಯ ದಾರಿಯಲ್ಲೇ ಓಡಿಸಿದರೆ?’ ಎಂಬ ಜಾಣ್ಮೆಯೂ ನಡೆಯದು. ಜನರಿಗೆ ಪ್ರವೇಶದ ಹಕ್ಕಿರುವ ಯಾವ ದಾರಿಯೂ, ಯಾವ ಬಯಲೂ ಕಾನೂನಿನ ದೃಷ್ಟಿಯಲ್ಲಿ ಸಾರ್ವಜನಿಕ ಸ್ಥಳವೇ. ಬಂಡಿದಾರಿಗೂ ಜಾತ್ರೆಯ ಬಯಲಿಗೂ ವಿನಾಯಿತಿಯಿಲ್ಲ. ನೋಂದಣಿಯಿಲ್ಲದ ಬೈಕಿಗೆ ಉಳಿಯುವುದು ಸ್ವಂತ ಹೊಲ ಅಥವಾ ಸ್ಪರ್ಧೆಯ ಅಂಗಣ. ಅಲ್ಲಿಗೂ ಅದು ಟೆಂಪೋ ಏರಿಯೇ ಹೋಗಬೇಕು.

ಇದೆಲ್ಲ ಬರಿಯ ಕಾಗದದ ಕಾಟವೆಂದು ತಿಳಿಯುವವರು ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ನಸುಕಿನಲ್ಲಿ ಹೊಲಕ್ಕೆ ಹೊರಟ ಕೂಲಿಯ ತಾಯಿಯೊಬ್ಬಳಿಗೆ ದೀಪವಿಲ್ಲದ ಬೈಕು ಬಡಿದರೆ? ನೋಂದಣಿಯಿದ್ದ ವಾಹನಕ್ಕೆ ಮೂರನೆಯವರ ವಿಮೆ ಇರುತ್ತದೆ. ಪರಿಹಾರದ ಹೊಣೆಯನ್ನು ವಿಮಾ ಕಂಪನಿ ಹೊರುತ್ತದೆ. ವಿಮೆಯಿಲ್ಲದ ಬೈಕಾದರೆ ಆ ಹೊಣೆ ಮಾಲಿಕನ ಮನೆಯ ಮೇಲೆ, ಹೊಲದ ಮೇಲೆ ಬೀಳುತ್ತದೆ. ಅವನಲ್ಲಿ ಹಣವಿಲ್ಲದಿದ್ದರೆ ಗಾಯಗೊಂಡವಳ ಮಕ್ಕಳಿಗೆ ಬರಿಗೈ. ಒಂದು ಹುಡುಗಾಟಕ್ಕೆ ಎರಡು ಸಂಸಾರಗಳು ಬೀದಿಗೆ ಬರುತ್ತವೆ. ಮಗನಿಗೆ ಹದಿನೆಂಟು ತುಂಬದಿದ್ದರಂತೂ, 2019ರ ತಿದ್ದುಪಡಿಯು ತಂದೆಯನ್ನೇ ಕಟಕಟೆಗೆ ಕರೆಯುತ್ತದೆ: 25,000 ರೂಪಾಯಿ ದಂಡ, ಮೂರು ವರ್ಷಗಳವರೆಗೆ ಸೆರೆವಾಸ.

ಹಾಗಾದರೆ ಆಸೆಯನ್ನು ಅದುಮಿಡಬೇಕೆ? ಬೇಕಾಗಿಲ್ಲ. 2019ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್‌ನಂತೆ, ಮಣ್ಣಿಗೂ ಡಾಂಬರಿಗೂ ಹೊಂದುವ, ಪರೀಕ್ಷೆಯಲ್ಲಿ ಗೆದ್ದ ಬೈಕುಗಳಿವೆ. ಹಳೆಯದನ್ನು ಕೊಳ್ಳುವವನು ಮೊದಲು ಪುಸ್ತಕವನ್ನು ನೋಡಲಿ, ಆಮೇಲೆ ಬೈಕನ್ನು. ಕಾಗದವಿಲ್ಲದ ಬೈಕು ಅಗ್ಗವೆಂದು ಯಾರಾದರೂ ಹೇಳಿದರೆ, ಅದರ ಬೆಲೆ ಇನ್ನೂ ಪೂರ್ತಿ ಸಂದಾಯವಾಗಿಲ್ಲವೆಂದೇ ತಿಳಿಯಬೇಕು.

2009ರ ಡಿಸೆಂಬರ್ 30ರಂದು ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು; ಈಗ ಇಲ್ಲಿಯ ವಾಹನಗಳ ಗುರುತು ಕೆಎ 33. ಆ ಪುಟ್ಟ ಫಲಕವನ್ನು ಹೊತ್ತು ಸುರಪುರದ ಗುಡ್ಡವೇರುವ ತರುಣನ ಬೈಕು ಎಷ್ಟೇ ಧೂಳೆಬ್ಬಿಸಲಿ, ಮನೆಯಲ್ಲಿ ದಾರಿ ಕಾಯುವ ತಾಯಿಯ ಎದೆ ಒಂದಿಷ್ಟು ಹಗುರವಾಗಿರುತ್ತದೆ.