ಡಾರ್ಸಿಗೆ ಹೂಂ, ಮೋಹನನಿಗೆ ಉಹೂಂ

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಮೂವತ್ತೈದು ವರ್ಷ ನೋಟು ಎಣಿಸಿದವನು ನಾನು. ಆದರೆ ಕಾದಂಬರಿ ಬರೆದ ಹೆಣ್ಣುಮಗಳ ಮುಖವಿರುವ ನೋಟನ್ನು ಕಂಡದ್ದು ನಿವೃತ್ತಿಯಾದ ಮೇಲೆಯೇ. ಅದು ಇಂಗ್ಲೆಂಡಿನ ಹತ್ತು ಪೌಂಡಿನ ನೋಟು. 2017ರಿಂದ ಅದರ ಮೇಲೆ ಜೇನ್ ಆಸ್ಟೆನ್ ಇದ್ದಾಳೆ.

ಮಕ್ಕಳೇ, ಈಕೆ 1775ರಲ್ಲಿ ಹುಟ್ಟಿ 41ನೇ ವಯಸ್ಸಿಗೇ ತೀರಿಕೊಂಡಳು. ಬದುಕಿದ್ದಾಗ ಪುಸ್ತಕಗಳ ಮೇಲೆ ಆಕೆಯ ಹೆಸರೂ ಇರಲಿಲ್ಲ. ಮೊದಲ ಕಾದಂಬರಿಯಲ್ಲಿ 'ಒಬ್ಬ ಮಹಿಳೆ ಬರೆದದ್ದು' ಎಂದಷ್ಟೇ ಅಚ್ಚಾಗಿತ್ತು. ಇಂದು ಲೋಕವೆಲ್ಲ ಓದುವ 'ಪ್ರೈಡ್ ಅಂಡ್ ಪ್ರಿಜುಡೀಸ್' ಕಾದಂಬರಿಯ ಹಕ್ಕನ್ನು ಆಕೆ ಮಾರಿದ್ದು ಬರೀ 110 ಪೌಂಡಿಗೆ. ಆಕೆಯ ಅಣ್ಣ ಹೆನ್ರಿ ಬ್ಯಾಂಕು ನಡೆಸುತ್ತಿದ್ದ, 1816ರಲ್ಲಿ ಆ ಬ್ಯಾಂಕು ಮುಳುಗಿಹೋಯಿತು. ಅಂಥ ಮನೆಯ ಹುಡುಗಿಯನ್ನು ನೋಟಿನ ಮೇಲೆ ಕೂರಿಸಿದ್ದಾರಲ್ಲ ಎಂದು ನನ್ನಂಥ ಬ್ಯಾಂಕಿನವನಿಗೆ ನಗು ಬಂದರೆ ತಪ್ಪೇ?

ಬಿಟಿಎಂ ಲೇಔಟಿನಲ್ಲಿರುವ ನನ್ನ ಮೊಮ್ಮಗಳಿಗೆ ಮತ್ತು ಅವಳ ಮೂವರು ಗೆಳತಿಯರಿಗೆ ಈ ಜೇನ್ ಎಂದರೆ ಹುಚ್ಚು. 1995ರ ಟಿವಿ ಧಾರಾವಾಹಿಯನ್ನೂ 2005ರ ಸಿನಿಮಾವನ್ನೂ ಎಷ್ಟು ಸಲ ನೋಡಿದ್ದಾರೋ ಲೆಕ್ಕವಿಲ್ಲ. ಭಾನುವಾರ ಅಜ್ಜಿಯ ಶಾಲುಗಳನ್ನು ಹೊದ್ದು, ಕೊಡೆ ಹಿಡಿದು, ಒಬ್ಬರಿಗೊಬ್ಬರು ಬಗ್ಗಿ ನಮಸ್ಕರಿಸುತ್ತಾರೆ. ಚೀಟಿ ಎತ್ತಿ ಪಾತ್ರ ಹಂಚಿಕೊಳ್ಳುತ್ತಾರೆ. ಟೀ ಜೊತೆಗೆ ಮಾತ್ರ ನಮ್ಮ ಕೋಡುಬಳೆಯೇ ಆಗಬೇಕು! ಬನಶಂಕರಿಯಲ್ಲಿರುವ ನನ್ನ ಅಕ್ಕನಿಗೆ ಈಗ ಎಂಬತ್ತು ದಾಟಿದೆ. ಕೋಲೂರಿಕೊಂಡು ಬಂದು ಎಲ್ಲರನ್ನೂ ಗದರಿಸುವ ಅವಳಿಗೆ 'ಲೇಡಿ ಕ್ಯಾಥರಿನ್' ಎಂದು ಹೆಸರಿಟ್ಟಿದ್ದಾರೆ. ಕಥೆಯಲ್ಲಿ ಮದುವೆಗೆ ಅಡ್ಡ ಬರುವ ಜಂಬದ ದೊಡ್ಡಮನುಷ್ಯಳು ಆಕೆ. ಅಕ್ಕನಿಗೆ ಈ ಬಿರುದು ಬಹಳ ಹಿಡಿಸಿದೆ.

ಇವರೇನು ಒಂಟಿಯಲ್ಲ. ಇಂಗ್ಲೆಂಡಿನ ಬಾತ್ ಊರಿನಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ಅಭಿಮಾನಿಗಳು ಜೇನ್ ಕಾಲದ ಉಡುಪು ತೊಟ್ಟು ಮೆರವಣಿಗೆ ಹೋಗುತ್ತಾರೆ. ಟಿವಿ ಧಾರಾವಾಹಿಯಲ್ಲಿ ನಾಯಕ ಡಾರ್ಸಿ ಕೊಳಕ್ಕೆ ಧುಮುಕಿ ಒದ್ದೆಮುದ್ದೆಯಾಗಿ ಬರುವ ದೃಶ್ಯವಿದೆ. ಅದು ಕಾದಂಬರಿಯಲ್ಲಿ ಇಲ್ಲವೇ ಇಲ್ಲ. ಆದರೂ 2013ರಲ್ಲಿ ಲಂಡನ್ನಿನ ಕೆರೆಯೊಂದರಲ್ಲಿ ಹನ್ನೆರಡು ಅಡಿ ಎತ್ತರದ ಡಾರ್ಸಿ ಬೊಂಬೆಯನ್ನೇ ನಿಲ್ಲಿಸಿದ್ದರು!

ಇದನ್ನೆಲ್ಲ ಕಂಡು "ಈಗಿನ ಮಕ್ಕಳು" ಎಂದು ತಲೆ ಚಚ್ಚಿಕೊಳ್ಳುವ ತಾತಂದಿರೇ, ಸ್ವಲ್ಪ ತಾಳಿ. ನಮ್ಮ ಕಾಲದಲ್ಲಿ ನಾವು ಮಾಡಿದ್ದೇನು? ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದ ತ್ರಿವೇಣಿ ಕಾದಂಬರಿಗೆ ಮನೆಯಲ್ಲಿ ಸರದಿ ಹಚ್ಚುತ್ತಿರಲಿಲ್ಲವೇ? 1967ರಲ್ಲಿ ಪುಟ್ಟಣ್ಣ ಕಣಗಾಲರ 'ಬೆಳ್ಳಿಮೋಡ' ಬಂದ ಮೇಲೆ ನಮ್ಮ ಬೀದಿಯ ಹುಡುಗಿಯರು ಕನ್ನಡಿ ಮುಂದೆ ಕಲ್ಪನಾ ಹಾಗೆ ಮಾತಾಡಿ ಅಭ್ಯಾಸ ಮಾಡಿದರು. ದರ್ಜಿಗೆ ಕಲ್ಪನಾ ತೋಳಿನ ರವಿಕೆಯೇ ಬೇಕೆಂದು ಹಟ ಹಿಡಿದರು. ಮುಂದೆ ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಪುಟ್ಟಣ್ಣನವರ ಹೆಸರಿನಲ್ಲೇ ಒಂದು ಚಿತ್ರಮಂದಿರವಿತ್ತು.

ತ್ರಿವೇಣಿ ಎಂಬುದು ಕಾವ್ಯನಾಮ, ಅವರ ಹೆಸರು ಅನಸೂಯಾ ಶಂಕರ್. 1928ರಲ್ಲಿ ಮಂಡ್ಯದಲ್ಲಿ ಹುಟ್ಟಿದರು. ಆಚಾರ್ಯ ಬಿ.ಎಂ.ಶ್ರೀ. ಅವರಿಗೆ ದೊಡ್ಡಪ್ಪ. 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಅವರ ಕಾದಂಬರಿಗಳು ಸಿನಿಮಾ ಆದದ್ದನ್ನು ಅವರು ನೋಡಲೇ ಇಲ್ಲ.

ಪ್ರೇಮಕಥೆ ಎಂದು ಇವನ್ನು ಪಕ್ಕಕ್ಕಿಡುವವರಿದ್ದಾರೆ. ನನ್ನ ಕಣ್ಣಿಗೆ ಇವು ಲೆಡ್ಜರುಗಳು. ಜೇನ್ ಕಥೆಯಲ್ಲಿ ಐವರು ಅಕ್ಕತಂಗಿಯರು. ಗಂಡುಮಗುವಿಲ್ಲದ್ದರಿಂದ ಅಪ್ಪನ ಆಸ್ತಿ ದೂರದ ನೆಂಟನೊಬ್ಬನಿಗೆ ಹೋಗುತ್ತದೆ. ಎಲಿಜಬೆತ್‌ಗೆ ಬರುವುದು ತಾಯಿಯ ಕಾಲಾನಂತರ 1,000 ಪೌಂಡು, ಶೇ. 4ರ ಬಡ್ಡಿಯಲ್ಲಿ. ವರ್ಷಕ್ಕೆ 40 ಪೌಂಡಾಯಿತು. ಡಾರ್ಸಿಯ ವರಮಾನ ವರ್ಷಕ್ಕೆ 10,000. ಅವನ ಒಂದು ವರ್ಷದ ಗಳಿಕೆಗೆ ಅವಳು 250 ವರ್ಷ ಬಡ್ಡಿ ಎಣಿಸಬೇಕು! ಆದರೂ ಮೊದಲ ಸಲ ಅವನು ಬಿಂಕದಿಂದ ಕೇಳಿದಾಗ ಅವಳು ಒಲ್ಲೆ ಎನ್ನುತ್ತಾಳೆ.

'ಬೆಳ್ಳಿಮೋಡ'ದಲ್ಲಿ ಲೆಕ್ಕ ತಿರುಗುಮುರುಗು. ಇಂದಿರಾ ಶ್ರೀಮಂತರ ಒಬ್ಬಳೇ ಮಗಳು. ಅವಳನ್ನು ಮದುವೆಯಾಗಬೇಕಾದ ಮೋಹನ ಭಾವಿ ಮಾವನ ದುಡ್ಡಿನಲ್ಲಿ ಅಮೆರಿಕಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಇಂದಿರೆಗೆ ತಮ್ಮ ಹುಟ್ಟುತ್ತಾನೆ. ಆಸ್ತಿಗೆ ವಾರಸುದಾರ ಬಂದ ಎಂದು ತಿಳಿದದ್ದೇ ತಡ, ಮೋಹನನ ಪ್ರೀತಿ ಆರಿಹೋಗುತ್ತದೆ. ಮುಂದೆ ಅಪಘಾತವಾಗಿ ಅವನು ಕಾಲು ಮುರಿದುಕೊಂಡಾಗ ಆರೈಕೆ ಮಾಡುವವಳು ಅದೇ ಇಂದಿರಾ. ಮನಸ್ಸು ಕರಗಿ ಮತ್ತೆ ಮದುವೆಯ ಮಾತೆತ್ತುತ್ತಾನೆ. ಅವಳು ಬೇಡ ಎನ್ನುತ್ತಾಳೆ.

ಇಬ್ಬರು ಗಂಡಸರೂ ಎರಡನೇ ಸಲ ಬಂದು ಕೇಳಿದವರೇ. ಒಬ್ಬನಿಗೆ ಹೂಂ, ಇನ್ನೊಬ್ಬನಿಗೆ ಉಹೂಂ ಏಕೆ? ಡಾರ್ಸಿ ನಡುವೆ ಒಂದು ಕೆಲಸ ಮಾಡಿದ್ದ. ಎಲಿಜಬೆತ್‌ಳ ತಂಗಿಯನ್ನು ಓಡಿಸಿಕೊಂಡು ಹೋದವನ ಸಾಲ ಸಾವಿರಕ್ಕೂ ಮೇಲಿತ್ತು. ಅದನ್ನು ತೀರಿಸಿ, ಆ ಹುಡುಗಿಯ ಹೆಸರಿನಲ್ಲಿ ಇನ್ನೊಂದು ಸಾವಿರ ಇಟ್ಟು, ಮದುವೆ ಮಾಡಿಸಿ, ಯಾರಿಗೂ ಹೇಳಬೇಡಿ ಎಂದಿದ್ದ. ಖರ್ಚಿನ ಕಾಲಮ್ಮಿನಲ್ಲಿ ಮೊತ್ತವಿದೆ, ಜಮೆಗೆ ಏನೂ ನಿರೀಕ್ಷೆಯಿಲ್ಲ. ಮೋಹನನ ಪುಟದಲ್ಲಿ ಪಡೆದದ್ದೇ ಎಲ್ಲ. ಮಾವನ ದುಡ್ಡು, ಆಮೇಲೆ ಇಂದಿರೆಯ ಶುಶ್ರೂಷೆ.

ಇಂದಿರಾ ಒಪ್ಪಬಹುದಿತ್ತು, ಪಾಪ ಅವನು ಪಶ್ಚಾತ್ತಾಪ ಪಟ್ಟಿದ್ದ ಎಂದು ನನ್ನ ಹೆಂಡತಿ ಇಂದಿಗೂ ವಾದಿಸುತ್ತಾಳೆ. ಅಕ್ಕ ಒಪ್ಪುವುದಿಲ್ಲ. ಅದಕ್ಕೆ ಕಾರಣವಿದೆ. ಅವಳ ಅನುಮತಿ ಪಡೆದೇ ಬರೆಯುತ್ತಿದ್ದೇನೆ. 1965ರಲ್ಲಿ ಅವಳಿಗೊಂದು ಸಂಬಂಧ ನಿಶ್ಚಯವಾಗಿತ್ತು. ನಮ್ಮ ತಂದೆ ದಿಢೀರನೆ ತೀರಿಕೊಂಡರು. ಹದಿಮೂರನೇ ದಿನ ಕಳೆಯುವಷ್ಟರಲ್ಲಿ ಗಂಡಿನ ಕಡೆಯವರ ಮಾತು ತಣ್ಣಗಾಯಿತು. ಅಕ್ಕ ಶಾಲೆಯಲ್ಲಿ ಮೇಡಂ ಆಗಿ ಸೇರಿ ಮನೆ ನಡೆಸಿದಳು. ಮೂರು ವರ್ಷದ ಮೇಲೆ, ಸಂಬಳ ಬರುತ್ತಿದೆ ಎಂದು ಗೊತ್ತಾಗಿ, ಅವರೇ ಹಣ್ಣು ಹೂವು ಹಿಡಿದುಕೊಂಡು ಬಂದರು. ನಮ್ಮಮ್ಮ ಬಾಗಿಲಲ್ಲಿ ಕಣ್ಣೀರು ಒರೆಸಿಕೊಳ್ಳುತ್ತಾ ನಿಂತಿದ್ದಳು, ಹೂಂ ಅನ್ನಲಿ ಎಂದು. ಅಕ್ಕ ಕಾಫಿ ಕೊಟ್ಟಳು, ಕೈಮುಗಿದು "ಬೇಡಿ" ಅಂದಳು. ಆಮೇಲೆ ಒಳ್ಳೆಯವರು ಸಿಕ್ಕರು, ಆ ವಿಷಯ ಬೇರೆ. ಅಮ್ಮ ಮಾತ್ರ ಆರು ತಿಂಗಳು ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ.

ಈಗ ಅಕ್ಕ ಭಾನುವಾರ ಹುಡುಗಿಯರಿಗೆ 'ಬೆಳ್ಳಿಮೋಡ' ಗಟ್ಟಿಯಾಗಿ ಓದಿ ಹೇಳುತ್ತಾಳೆ. ಕನ್ನಡ ಅವರಿಗೆ ಕೂಡಿಸಿ ಕೂಡಿಸಿ ಓದುವಷ್ಟೇ ಬರುತ್ತದೆ. ವಾರಕ್ಕೆ ಹತ್ತು ಪುಟ. ಮೋಹನ ಇನ್ನೂ ಅಮೆರಿಕದಲ್ಲಿದ್ದಾನೆ. ಇವನೇ ನಮ್ಮ ಡಾರ್ಸಿ ಎಂದು ಮೂವರು, ಅಲ್ಲ ಎಂದು ನನ್ನ ಮೊಮ್ಮಗಳು. ಪಂದ್ಯಕ್ಕೆ ಐಸ್‌ಕ್ರೀಂ ಕಟ್ಟಿದ್ದಾರೆ. ಪುಸ್ತಕ ಮುಗಿಯುವವರೆಗೆ ಈ ಸಂಚಿಕೆಯನ್ನು ಅವರ ಕೈಗೆ ಸಿಗದಂತೆ ಬಚ್ಚಿಡಬೇಕು.

"ಕೊನೆಗೆ ನಿನ್ನ ಕಥೆ ಹೇಳ್ತೀಯೇನೇ ಅಕ್ಕಾ?" ಎಂದು ಕೇಳಿದೆ.

"ಮೊದಲು ಅವನು ಅಮೆರಿಕದಿಂದ ಬರಲಿ ತಡಿಯೋ," ಅಂದಳು.