ಒಂದೇ ಮೇಜು, ಆರು ಪರ್ಸು

ಅಲ್ ಕೂಜ್ ಅಂದ್ರೆ ಹೊರಗಿನವರಿಗೆ ಗೋದಾಮು, ಗ್ಯಾರೇಜು, ಕ್ಯಾಂಪು. ಶೇಖ್ ಜಾಯೆದ್ ರಸ್ತೆಯಿಂದ ಒಳಗೆ ಹೊಕ್ಕು ಅಲ್ ಖೈಲ್ ರಸ್ತೆ ಮುಟ್ಟೋವರೆಗೂ ಅವರ ಕಣ್ಣಿಗೆ ಬೀಳೋದು ಅಷ್ಟೇ. ಇಲ್ಲೇ ಇದ್ದು ದುಡಿಯುವ ನಮಗೆ ಇನ್ನೊಂದು ಅಲ್ ಕೂಜ್ ಗೊತ್ತು. ಕಂಪನಿ ಬಸ್ಸುಗಳು ಜನರನ್ನು ಇಳಿಸಿ ಹೋದ ಮೇಲೆ ದೀಪ ಹತ್ತುವ ಅಲ್ ಕೂಜ್ ಅದು. ಒಂದು ಕಡೆ ಮಲಯಾಳಿ ಹೋಟೆಲಿನ ಕಲ್ಲಿನ ಮೇಲೆ ಪರೋಟ ಬಡಿಯುವ ಸದ್ದು, ಇನ್ನೊಂದು ಕಡೆ ಪಾಕಿಸ್ತಾನಿ ತಂದೂರಿನಿಂದ ಏಳುವ ರೊಟ್ಟಿಯ ಘಮ, ಆಚೆ ನೇಪಾಳಿಗಳ ಮೋಮೊ.

ವಾರಪೂರ್ತಿ ಮೆಸ್ಸಿನ ಅನ್ನ-ಸಾರು ಉಂಡವರು ರಜೆಯ ದಿನ ನಾಲ್ಕಾರು ಜನ ಸೇರಿ ಹೊರಗೆ ಉಣ್ಣೋದು ನಮ್ಮಲ್ಲಿ ರೂಢಿ. ಈ ಸಲ ಆ ಊಟದ ಬಗ್ಗೆ ಬರೆಯೋಣ ಅನ್ನಿಸಿತು. ನಾವು ಲೆಕ್ಕ ಬರೆಯೋ ಕೆಲಸದವರು. ಹಾಗಾಗಿ ತಟ್ಟೆಯ ಜೊತೆ ಬಿಲ್ಲಿನ ಮಾತೂ ಬರುತ್ತೆ.

ತಟ್ಟೆಯಲ್ಲಿ ಏಷ್ಯಾ

ಊರಲ್ಲಿದ್ದಾಗ ನಾವೆಷ್ಟು ಬಗೆಯ ಊಟ ನೋಡಿದ್ವಿ? ಮಂಗಳೂರು, ಉಡುಪಿ ಕಡೆಯವರಿಗೆ ಮಲಯಾಳಿ ಹೋಟೆಲ್ ಹೊಸದೇನಲ್ಲ, ಕುಚ್ಚಲಕ್ಕಿ ಅನ್ನ ಮತ್ತು ಮೀನು ಸಾರು ಸಿಕ್ಕಿದರೆ ಮನೆಗೆ ಬಂದ ಹಾಗೆ. ಜೋಳದ ರೊಟ್ಟಿ ಉಂಡು ಬೆಳೆದ ಉತ್ತರ ಕರ್ನಾಟಕದವರಿಗೆ ಪಾಕಿಸ್ತಾನಿ ಹೋಟೆಲಿನ ಬಿಸಿ ರೊಟ್ಟಿ, ದಾಲ್ ಬೇಗ ಒಗ್ಗುತ್ತೆ. ಹುಣಸೆ ಹುಳಿಯ ಫಿಲಿಪಿನೋ ಸಿನಿಗಾಂಗ್ ಸಾರನ್ನು ಮೊದಲ ಸಲ ಕುಡಿದವರು, ‘ಇದು ನಮ್ಮ ಸಾರಿನ ದೂರದ ನೆಂಟ’ ಅನ್ನದೇ ಇರಲ್ಲ.

ನಾವು ಅವರಿಗೆ ತೋರಿಸೋದು ಗೋಬಿ ಮಂಚೂರಿ. ಚೈನೀಸ್ ಅಂತ ಬೋರ್ಡು ಇದ್ದರೂ ಅದು ಚೀನಾದಿಂದ ಬಂದದ್ದಲ್ಲ. ನೆಲ್ಸನ್ ವಾಂಗ್ ಅನ್ನೋ ಬಾಣಸಿಗರು 1975ರಲ್ಲಿ ಮುಂಬೈಯಲ್ಲಿ ಚಿಕನ್ ಮಂಚೂರಿಯನ್ ಮಾಡಿದರು ಅಂತ ಹೇಳ್ತಾರೆ. ಅಲ್ಲಿಂದ ಅದು ಹೂಕೋಸಿಗೆ ಇಳಿದು ನಮ್ಮೂರಿನ ತಳ್ಳುಗಾಡಿಗೆ ಬಂತು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕೋದನ್ನು ನಿಷೇಧಿಸಿದ್ದು ನಿಮಗೆ ನೆನಪಿರಬಹುದು. ಗೋಬಿ ಕೆಂಪಗಿದ್ದರೇ ರುಚಿ ಅನ್ನೋ ನಂಬಿಕೆ ಬಿಟ್ಟುಬಿಡಿ.

ಮಂಡಿಯ ವಿಷಯ ಬೇರೆ. ಯೆಮನ್ ದೇಶದ ಹದ್ರಮೌತ್ ಕಡೆಯ ಈ ಊಟದಲ್ಲಿ ಅನ್ನದ ಮೇಲೆ ಮಾಂಸ ಇಟ್ಟು ದೊಡ್ಡ ಹರಿವಾಣದಲ್ಲಿ ತರ್ತಾರೆ. ನಾಲ್ಕು ಜನ ಸುತ್ತ ಕೂತು ಒಂದೇ ಹರಿವಾಣದಲ್ಲಿ ಕೈ ಹಾಕಬೇಕು. ಫೋರ್‌ಮನ್ ಮತ್ತು ಹೆಲ್ಪರ್ ಇಬ್ಬರ ಕೈಯೂ ಅದೇ ಅನ್ನದಲ್ಲಿ. ಸೈಟಿನಲ್ಲಿ ಇಂಥದ್ದು ಕಾಣೋದಿಲ್ಲ.

ಶಾಕಾಹಾರಿಗಳಿಗೆ ಒಂದು ಮಾತು. ಚೀನೀ, ಥಾಯ್, ಫಿಲಿಪಿನೋ ಹೋಟೆಲುಗಳಲ್ಲಿ ‘ವೆಜ್ ನೂಡಲ್ಸ್’ ಅಂದರೂ ಆಯ್ಸ್ಟರ್ ಸಾಸ್ ಅಥವಾ ಮೀನಿನ ಸಾಸ್ ಬಿದ್ದಿರಬಹುದು. ಮಾಂಸದ ತುಂಡು ಕಾಣೋದಿಲ್ಲ ಅಂತ ಸುಮ್ಮನಾಗಬೇಡಿ; ಯಾವ ಸಾಸ್ ಹಾಕ್ತೀರಿ ಅಂತ ಕೇಳಿ. ಮನೆಯವರು ವಿಸಿಟ್‌ಗೆ ಬಂದಿದ್ದರೆ ಫ್ಯಾಮಿಲಿ ಸೆಕ್ಷನ್ ಇರುವ ಹೋಟೆಲ್ ನೋಡಿ, ಮಕ್ಕಳನ್ನು ಕಟ್ಟಿಕೊಂಡು ನಿರಾಳವಾಗಿ ಕೂರಬಹುದು. ದೋಸೆ ಬೇಕು ಅಂತ ಹಟ ಹಿಡಿದರೆ ಕರಾಮಾ ಇದ್ದೇ ಇದೆ, ಅಲ್ಲಿ ನಮ್ಮ ಬೆಂಗಳೂರಿನ ಎಂಟಿಆರ್ ಕೂಡ ಇದೆ.

ಬಿಲ್ಲು ಬಂದಾಗ

ಊಟ ಎಲ್ಲರಿಗೂ ಖುಷಿ. ಬಿಲ್ಲು ಬಂದಾಗ ಕೆಲವರ ಮುಖ ಸಣ್ಣಗಾಗುತ್ತೆ. ಒಂದು ಲೆಕ್ಕ ನೋಡಿ. ಆರು ಜನ ಹೋದರು. ನಾಲ್ಕು ಜನ ತಲಾ 26 ದಿರ್ಹಂ ಊಟ ಮಾಡಿದರು, ಇಬ್ಬರು ಪರೋಟ, ಕರಿ, ಚಹಾ ಅಂತ 8 ದಿರ್ಹಂನಲ್ಲೇ ಮುಗಿಸಿದರು. ಒಟ್ಟು 120. ‘ತಲಾ 20 ಹಾಕಿ’ ಅಂತ ಒಬ್ಬರು ಅಂದರೆ ಆಯ್ತು. 26ರ ಊಟ ಮಾಡಿದವನಿಗೆ 6 ಉಳಿಯಿತು, 8ರ ಊಟ ಮಾಡಿದವನಿಗೆ 12 ಜಾಸ್ತಿ ಬಿತ್ತು. ನಾಲ್ಕು ವಾರಕ್ಕೆ 48 ದಿರ್ಹಂ, ಊರಿನ ಲೆಕ್ಕದಲ್ಲಿ ಸಾವಿರ ರೂಪಾಯಿಗೂ ಹೆಚ್ಚು. ಇಷ್ಟಕ್ಕೂ ಪರೋಟ ತಿಂದವನು ಸಾಮಾನ್ಯವಾಗಿ ಕಡಿಮೆ ಸಂಬಳದವನೇ.

ಅವನು ಜಗಳ ಆಡೋದಿಲ್ಲ, ಮುಂದಿನ ವಾರ ಬರೋದಿಲ್ಲ ಅಷ್ಟೆ. ನಮ್ಮ ಗುಂಪಿನಲ್ಲಿ ಗದಗದ ಕಡೆಯ ಒಬ್ಬ ಹುಡುಗ ಇದ್ದ, ಗೋದಾಮಿನಲ್ಲಿ ಲೋಡಿಂಗ್ ಕೆಲಸ. ಕರೆದಾಗಲೆಲ್ಲ ‘ಹಸಿವಿಲ್ರಿ ಅಣ್ಣಾರ, ನೀವು ಹೋಗಿ ಬರ್ರಿ’ ಅಂತಿದ್ದ. ಏಜೆಂಟನಿಗೆ ಕೊಡಲು ಮಾಡಿದ ಸಾಲ ಇನ್ನೂ ತೀರಿರಲಿಲ್ಲ. ನಮ್ಮ ಫೋರ್‌ಮನ್ ಭಾಯಿ, ಬಂಟ್ವಾಳದವರು, ಇದನ್ನು ಗಮನಿಸಿ ಒಂದು ಮಾತು ಹೇಳಿದರು: ‘ಇನ್ನು ಮೇಲೆ ಅವರವರು ತಿಂದದ್ದಕ್ಕೆ ಅವರವರೇ ಕೊಡೋದು, ನಾಚಿಕೆ ಏನೂ ಬೇಡ.’ ಎರಡನೇ ವಾರಕ್ಕೆ ಹುಡುಗ ಬಂದ. ಎರಡು ಪರೋಟ ತಿಂದು, ಎಲ್ಲರಿಗಿಂತ ಜಾಸ್ತಿ ಮಾತಾಡಿದ. ಅವ್ವನಿಗೆ ಹುಷಾರಿಲ್ಲ ಅನ್ನೋ ವಿಷಯ ನಮಗೆ ಗೊತ್ತಾಗಿದ್ದು ಅವತ್ತೇ.

ಅದರಿಂದ ಬೆಳೆದ ನಮ್ಮ ಕಟ್ಟಳೆ ಇಷ್ಟು. ಹೋಟೆಲ್ ಆರಿಸುವಾಗ ಗುಂಪಿನಲ್ಲಿ ಕಡಿಮೆ ಸಂಬಳ ಇರುವವನ ಪರ್ಸು ನೋಡಿ ಆರಿಸೋದು. ಹಂಚಿಕೊಂಡು ತಿನ್ನೋ ಮಂಡಿ, ಬಿರಿಯಾನಿ ಆದರೆ ತಲಾ ಎಷ್ಟು ಅಂತ ಆರ್ಡರ್ ಕೊಡುವ ಮೊದಲೇ ಬಾಯಿಬಿಟ್ಟು ಹೇಳೋದು. ಯಾರಾದರೂ ‘ಇವತ್ತು ನನ್ನ ಕಡೆಯಿಂದ’ ಅಂದರೆ ಸಂತೋಷ, ಆದರೆ ಅದು ಪಾಳಿ ಆಗಬಾರದು. ಪಾಳಿ ಅಂದ್ರೆ ಬಡವನಿಗೂ ಒಂದು ದಿನ ಆರು ಜನರ ಬಿಲ್ಲು ಬರುತ್ತೆ.

ಬಿಲ್ಲನ್ನು ಓದೋದು

ಇಲ್ಲಿ 2018ರ ಜನವರಿ 1ರಿಂದ ಶೇ. 5 ವ್ಯಾಟ್ ಇದೆ. ಮೆನುವಿನಲ್ಲಿ ಬರೆದ ಬೆಲೆಯಲ್ಲಿ ವ್ಯಾಟ್ ಸೇರಿಯೇ ಇರಬೇಕು ಅನ್ನೋದು ನಿಯಮ. ಹಾಗಾಗಿ ಮೆನುವಿನ ಬೆಲೆ ಕೂಡಿಸಿದ ಮೇಲೆ ಮತ್ತೆ ಶೇ. 5 ಸೇರಿಸಿದ್ದರೆ ಮರ್ಯಾದೆಯಿಂದ ಕೇಳಬಹುದು. ಬಿಲ್ಲಿನಲ್ಲಿರುವ ವ್ಯಾಟ್ ತಿಳಿಯಲು ಒಟ್ಟು ಮೊತ್ತವನ್ನು 21ರಿಂದ ಭಾಗಿಸಿ: 42 ದಿರ್ಹಂ ಬಿಲ್ಲಿನಲ್ಲಿ 2 ದಿರ್ಹಂ ವ್ಯಾಟ್. ವ್ಯಾಟ್ ವಸೂಲಿ ಮಾಡುವ ಹೋಟೆಲಿನ ಬಿಲ್ಲಿನ ಮೇಲೆ 15 ಅಂಕಿಯ ಟಿಆರ್‌ಎನ್ ನಂಬರ್ ಇರಬೇಕು. ವರ್ಷಕ್ಕೆ 3,75,000 ದಿರ್ಹಂಗಿಂತ ಹೆಚ್ಚು ವ್ಯವಹಾರ ಇದ್ದವರಿಗೆ ನೋಂದಣಿ ಕಡ್ಡಾಯ. ಸಣ್ಣ ಕೆಫೆಟೇರಿಯಾ ನೋಂದಣಿ ಮಾಡಿಸದೇ ಇರಬಹುದು, ಆದರೆ ಆಗ ಅವರು ವ್ಯಾಟ್ ಅಂತ ಹಣ ಕೇಳುವಂತಿಲ್ಲ.

ಖರ್ಚೋ, ಉಳಿತಾಯವೋ

‘ಒಂದು ಊಟದ ದುಡ್ಡು ಊರಿಗೆ ಕಳಿಸಿದ್ರೆ ಒಂದು ವಾರದ ಹಾಲು ಬರುತ್ತೆ’ ಅಂತ ಹೇಳುವವರಿದ್ದಾರೆ. ತಪ್ಪಲ್ಲ. ದಿರ್ಹಂ ಕೈಗೆ ಬಂದ ಕೂಡಲೇ ರೂಪಾಯಿಗೆ ಗುಣಿಸೋದು ನಮಗೆಲ್ಲ ಅಂಟಿದ ಅಭ್ಯಾಸ. ಆದರೆ ವಾರಕ್ಕೆ 10 ದಿರ್ಹಂ ಇಟ್ಟರೆ ತಿಂಗಳಿಗೆ 40. ಸಂಬಳ ಬಂದ ದಿನವೇ ಅದನ್ನು ಬೇರೆ ತೆಗೆದಿಡಿ, ಊರಿಗೆ ಕಳಿಸುವ ಹಣ ಮುಟ್ಟಬೇಡಿ. ಸಾಲ ತೀರೋವರೆಗೆ ಬರೀ ಚಹಾ ಕುಡಿಯೋದಾದರೂ ಸರಿ, ಜನರ ಜೊತೆ ಕೂತು ಕುಡಿಯಿರಿ. ಈ ಊರಲ್ಲಿ ಕಾಯಿಲೆ ಬಿದ್ದಾಗ, ಕೆಲಸ ಹೋದಾಗ, ಮನೆಯಿಂದ ಕೆಟ್ಟ ಸುದ್ದಿ ಬಂದಾಗ ಮೊದಲು ಓಡಿ ಬರೋದು ಆ ಮೇಜಿನವರೇ.

ಮುಂದಿನ ರಜೆಗೆ ನೀವು ನಾಲ್ಕು ಜನ ಹೊರಟಾಗ ರೂಮಿನಲ್ಲಿ ಯಾರು ಉಳಿದಿದ್ದಾರೆ ಅಂತ ಒಮ್ಮೆ ನೋಡಿ. ‘ಹಸಿವಿಲ್ಲ’ ಅಂದರೆ ಒತ್ತಾಯ ಮಾಡಬೇಡಿ. ‘ಬಾ ಮಾರಾಯ, ಚಹಾ ಕುಡಿಯೋಣ, ಅವರವರ ಬಿಲ್ಲು ಅವರವರದ್ದು’ ಅನ್ನಿ.