ಗಾಳ ನಿಂತಿತು, ಗೈಡ್‌ಗಳ ಕೆಲಸವೂ ಹೋಯಿತು

ಮುದ್ದೆಯನ್ನು ನಾವು ಸೊಪ್ಪಿನ ಸಾರಿಗೆ ಅದ್ದಿ ನುಂಗುತ್ತೇವೆ. ಅದೇ ರಾಗಿಹಿಟ್ಟಿನ ಉಂಡೆಯನ್ನು ಗಾಳಕ್ಕೆ ಮೆತ್ತಿ, ಕಾವೇರಿಯ ಬಿಳಿಮೀನು ಅಂದರೆ ಮಹಶೀರ್ ಹಿಡಿಯಲು ಇಂಗ್ಲೆಂಡಿನಿಂದ ಜನ ಬರುತ್ತಿದ್ದರು ಎಂದರೆ ಎಷ್ಟು ಮಂದಿ ನಂಬುತ್ತೀರೋ!

ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರಗಳಿದ್ದವು. ಹಿಡಿದ ಮೀನನ್ನು ತೂಗಿ, ಫೋಟೊ ತೆಗೆದು, ಮತ್ತೆ ನೀರಿಗೆ ಬಿಡಬೇಕು ಎಂಬುದು ಅಲ್ಲಿನ ನಿಯಮ. ಅತಿಥಿ ದುಡ್ಡು ಕೊಡುತ್ತಿದ್ದುದು ಮೀನಿಗಲ್ಲ, ಅದು ಸಿಕ್ಕೀತೆಂಬ ಆಸೆಗೆ. ಆ ದುಡ್ಡಿನಲ್ಲಿ ಅಡುಗೆಯವರು, ಹರಿಗೋಲಿನವರು, ಗೈಡ್‌ಗಳು ಸಂಬಳ ಎಣಿಸುತ್ತಿದ್ದರು. ಗೈಡ್‌ಗಳಲ್ಲಿ ಕೆಲವರು ಹಿಂದೆ ಇದೇ ಹೊಳೆಯಲ್ಲಿ ಕದ್ದು ಮೀನು ಹಿಡಿದವರು. ಯಾವ ಬಂಡೆಯ ಮರೆಯಲ್ಲಿ ದೊಡ್ಡ ಮೀನು ಇರುತ್ತದೆಂದು ಅವರಷ್ಟು ಬಲ್ಲವರು ಬೇರೆ ಯಾರು?

ಈ ಜಾಗ ಕಾವೇರಿ ವನ್ಯಜೀವಿಧಾಮದೊಳಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಿಡಿಯುವುದೂ ಬೇಟೆಯೇ, ವಾಪಸ್ ಬಿಟ್ಟರೂ ಅಷ್ಟೇ ಎಂಬ ಅರ್ಥವಿವರಣೆ ಬಂತು. 2012ರ ಹೊತ್ತಿಗೆ ಗಾಳ ನಿಂತಿತು.

ಶಿಬಿರಗಳೇನೂ ಮುಚ್ಚಲಿಲ್ಲ. ಈಗ ಅಲ್ಲಿ ಕಯಾಕಿಂಗ್, ಜಿಪ್‌ಲೈನ್ ಇದೆ, ಬೆಂಗಳೂರಿನ ಐಟಿಯವರು ವಾರಾಂತ್ಯಕ್ಕೆ ಬರುತ್ತಾರೆ. ರೂಮು ತುಂಬಿದರೆ ಲೆಕ್ಕ ಸರಿಹೋಯಿತು ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಜಿಪ್‌ಲೈನಿಗೆ ಬೆಲ್ಟ್ ಕಟ್ಟುವುದನ್ನು ನಾಲ್ಕು ದಿನದಲ್ಲಿ ಯಾರಿಗಾದರೂ ಕಲಿಸಬಹುದು. ಹೊಳೆ ಓದುವ ವಿದ್ಯೆ ಹಾಗಲ್ಲ. ಅದಕ್ಕೆ ಸಿಗುತ್ತಿದ್ದ ಬೆಲೆಯೇ ಹೋಯಿತು. ನಾವು ರೆಸ್ಯೂಮೆಯಲ್ಲಿ ‘ಸ್ಕಿಲ್’ ಎಂದು ಬರೆದುಕೊಳ್ಳುವುದು ಇಂಥದ್ದನ್ನೇ ಅಲ್ಲವೇ?

ಇನ್ನೊಂದು ನಷ್ಟ ಡೇಟಾದ್ದು. ಗಾಳಿಬೋರೆಯ ದಾಖಲೆ ಪುಸ್ತಕಗಳನ್ನು ಸಂಶೋಧಕರು ಲೆಕ್ಕ ಹಾಕಿದ್ದಾರೆ: 1998ರಿಂದ 2012ರವರೆಗೆ 23,620 ಗಂಟೆ ಗಾಳ, 6,161 ಮೀನು. ಸುಮಾರು 4 ಗಂಟೆಗೊಂದು! ಇದರಿಂದಲೇ ಒಂದು ಕೆಟ್ಟ ಸುದ್ದಿಯೂ ಹೊರಬಿತ್ತು. ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಇಳಿಯುತ್ತಿತ್ತು, ಹೊರಗಿನಿಂದ ತಂದುಬಿಟ್ಟ ನೀಲಿರೆಕ್ಕೆಯದು ಏರುತ್ತಿತ್ತು. ಗಾಳದವರಿಗೆ ಹೆಚ್ಚು ಮೀನು ಸಿಗಲೆಂಬ ಉತ್ಸಾಹವೂ ಆ ಬಿತ್ತನೆಯ ಹಿಂದೆ ಇತ್ತು, ಹಾಗಾಗಿ ಅವರೇನೂ ಸಂತರಲ್ಲ. 2018ರಲ್ಲಿ ಗೂನುಬೆನ್ನಿನ ಮೀನು ತೀವ್ರ ಅಪಾಯದಲ್ಲಿರುವ ಜೀವಿಗಳ ಐಯುಸಿಎನ್ ಪಟ್ಟಿ ಸೇರಿತು.

ಇಂಥ ಸ್ಥಿತಿಯಲ್ಲಿ ಗಾಳವನ್ನು ಮೊದಲಿನಂತೆ ಬಿಡಿ ಎನ್ನುವುದು ಕಷ್ಟ. ಆದರೆ ಮೀನು ಎಷ್ಟು ಉಳಿದಿದೆ ಎಂದು ಎಣಿಸಲೇಬೇಕಲ್ಲ? ಅರಣ್ಯ ಇಲಾಖೆ ವರ್ಷಕ್ಕೆ ಕೆಲವು ದಿನ ಸಮೀಕ್ಷೆಗೆಂದು ಅನುಮತಿ ಕೊಡಿಸಿ, ಆ ಹಳೆಯ ಗೈಡ್‌ಗಳನ್ನೇ ಕೂಲಿ ಕೊಟ್ಟು ಕರೆಯಬಹುದು. ಅವರಿಗೂ ವಯಸ್ಸಾಗುತ್ತಿದೆ. ಜೊತೆಗೆ ಊರಿನ ಇಬ್ಬರು ಹುಡುಗರನ್ನು ಹರಿಗೋಲಿನಲ್ಲಿ ಕೂರಿಸಿದರೆ ಕೆಲಸ ಕಲಿತಾರು. ಖರ್ಚನ್ನು ಜಿಪ್‌ಲೈನ್ ಟಿಕೆಟ್ಟಿನಿಂದಲೇ ತೆಗೆಯಲಿ.